ಅಪ್‌ಡೇಟ್: 300ರ ಫೈಬರ್ 94ಕ್ಕೇ ನಿಲ್ಲುತ್ತಿದ್ದದ್ದು ಸರಿಹೋಯ್ತು
ಕುವೆಂಪುನಗರದ ಮನೆಗೆ ಕಂಪನಿ ಬದಲಿಸಿ 300 ಎಂಬಿಪಿಎಸ್ ಫೈಬರ್ ಹಾಕಿಸಿದರೂ ವೇಗ 94 ದಾಟುತ್ತಿಲ್ಲ ಅಂತ ಇಲ್ಲಿ ಕೇಳಿದ್ದೆ. ನೀವು ಹೇಳಿದ್ದೇ ನಿಜ, ತಪ್ಪು ಫೈಬರಿನದಲ್ಲ. ಒಎನ್‌ಟಿಯಿಂದ (ಫೈಬರ್ ಬಂದು ಸೇರುವ ಪೆಟ್ಟಿಗೆ) ರೂಟರ್‌ಗೆ ಹಾಕಿದ್ದ ಹಳೇ ಲ್ಯಾನ್ ಕೇಬಲಿನದು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಕೇಬಲಿನ ಎಂಟೂ ತಂತಿ ಕೂಡಬೇಕು. ಕನೆಕ್ಟರ್ ಒಳಗೆ ಕಂದು ತಂತಿಯೊಂದು ಕಿತ್ತುಹೋಗಿ ಲಿಂಕ್ 100ಕ್ಕೆ ಇಳಿದಿತ್ತು. ಹೊಸ ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್ ಹಾಕಿದ ಮೇಲೆ 290 ಬರುತ್ತಿದೆ. ವೈಫೈನಲ್ಲಿ ಅಳೆಯುವವರು 5 ಗಿಗಾಹರ್ಟ್ಸ್ ಬ್ಯಾಂಡ್‌ಗೇ ಸೇರಿಕೊಳ್ಳಿ, 2.4ರಲ್ಲಿ ಇಷ್ಟು ಸಿಗುವುದು ಕಷ್ಟ.

ಒಎನ್‌ಟಿಯ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಫೈಬರಿನಿಂದ ಬಂದು ಸೇರುವ ಬೆಳಕಿನ ಬಲ) ಕೂಡ ನೋಡಿ: ಇಲ್ಲಿ -21 ಡಿಬಿಎಂ, ಚೆನ್ನಾಗಿದೆ. ಬೆಳಕು ಕುಂದಿ -27ರ ಹತ್ತಿರ ಹೋದರೆ ಲೈನ್ ಆಗಾಗ ಕಡಿಯುತ್ತದೆ. ಕಿಟಕಿ ಮೂಲೆಯಲ್ಲಿ ಫೈಬರ್ ಚೂಪಾಗಿ ಮಡಿಸಿರುವುದೇ ಎಷ್ಟೋ ಸಲ ಕಾರಣ. ಕಂಪನಿ ಬದಲಿಸುವವರು ಹಳೇ ಸಂಪರ್ಕವನ್ನು ಇನ್ನೊಂದು ವಾರ ಇಟ್ಟುಕೊಳ್ಳಿ. ಹಳೇ ಕಂಪನಿಯ ಪೆಟ್ಟಿಗೆ ಹಿಂದಿರುಗಿಸುವಾಗ ಸೀರಿಯಲ್ ನಂಬರ್ ಬರೆದ ರಸೀದಿ ತಪ್ಪದೇ ಕೇಳಿ.