ಸವಳು ಬಿದ್ದ ಹೊಲಕ್ಕೆ ಯಾವ ಗಿಡ ಹಾಕಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಕಾರಟಗಿ:
ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನಮ್ಮ ಎರೆ ಹೊಲ ಇದೆ. ತಗ್ಗಿನ ಎರಡು ಎಕರೆಯಲ್ಲಿ ಬೇಸಿಗೆ ಬಂದರೆ ಬಿಳಿ ಉಪ್ಪು ಮೇಲೇಳುತ್ತದೆ. ಭತ್ತದ ಸಸಿ ಅಲ್ಲಲ್ಲಿ ಸುಟ್ಟು ಹೋಗುತ್ತದೆ. ಉಪ್ಪು ಹೀರುವ ಗಿಡ ಹಾಕಿದರೆ ಮಣ್ಣು ಸರಿಹೋಗುತ್ತದೆ ಅಂತಾರೆ. ಯಾವುದು ಹಾಕಲಿ?

ಸಿಂಧನೂರಿನಿಂದ:
ಅಣ್ಣಾ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಇಸಿ, ಅಂದರೆ ಮಣ್ಣಿನ ಉಪ್ಪಿನ ಅಳತೆ, 4 ದಾಟಿ, ಪಿಎಚ್ 8.5ರ ಒಳಗಿದ್ದರೆ ಅದು ಬರೀ ಸವಳು. ಪಿಎಚ್ ಅದಕ್ಕಿಂತ ಜಾಸ್ತಿ ಇದ್ದರೆ ಸೋಡಿಯಂ ಕಾಟ. ಜಿಪ್ಸಂ ಬೇಕಾಗುವುದು ಆಗ. ಬರೀ ಸವಳಿಗೆ ಜಿಪ್ಸಂ ಸುರಿದರೆ ಸುಮ್ನೆ ದುಡ್ಡು ದಂಡ.

ನಾವು ಭತ್ತಕ್ಕೆ ಮುಂಚೆ ಹಸಿರು ಗೊಬ್ಬರಕ್ಕೆ ಡಯಾಂಚ ಹಾಕುತ್ತೇವೆ. ಎಕರೆಗೆ 20 ಕಿಲೋ ಬೀಜ. ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ರೋಟಾವೇಟರ್ ಹೊಡೆದು ಮಣ್ಣಿಗೆ ಸೇರಿಸುತ್ತೇವೆ. ಬೇರು ಇಳಿದಲ್ಲಿ ಎರೆ ಸಡಿಲವಾಗಿ ನೀರೂ ಇಳಿಯುತ್ತದೆ. ನೆಲಕ್ಕೆ ನೆರಳಿದ್ದರೆ ನೀರು ಆವಿಯಾಗುವುದು ಕಡಿಮೆ, ಹಾಗಾಗಿ ಕೆಳಗಿನ ಉಪ್ಪು ಮೇಲೆ ಬರುವುದೂ ಕಡಿಮೆ.

ಆದರೆ ಗಿಡವೇ ಉಪ್ಪನ್ನು ಖಾಲಿ ಮಾಡುತ್ತದೆ ಅಂತ ನಂಬಬೇಡಿ. ಡಯಾಂಚವನ್ನು ಅದೇ ಮಣ್ಣಿಗೆ ಹೂಳುತ್ತೇವಲ್ವಾ, ಹೀರಿದ ಉಪ್ಪು ಎಲ್ಲಿಗೆ ಹೋಗಬೇಕು? ಉಪ್ಪನ್ನು ತೊಳೆಯುವುದು ನೀರು. ಆ ನೀರು ಹೊರಗೆ ಹೋಗಲು ಬಸಿಗಾಲುವೆ ಬೇಕು. ನಿಮ್ಮದರಲ್ಲಿ ಜೊಂಡು, ಹೂಳು ತುಂಬಿದೆಯಾ ನೋಡಿ.

ಕುಮಟಾದಿಂದ:
ಮೇಲಿನವರು ಹೇಳಿದ್ದು ಸರಿ ಮಾರಾಯ್ರೆ. ಅಘನಾಶಿನಿ ಹೊಳೆ ದಂಡೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ನಾವು ಕಗ್ಗ ಭತ್ತ ಬೆಳೆಯುತ್ತೇವೆ. ಉಪ್ಪುನೀರು ನುಗ್ಗಿದರೂ ಬದುಕುವ ತಳಿ ಅದು. ಆದರೂ ಮಳೆ ಬಿದ್ದು ಗದ್ದೆಯ ಉಪ್ಪು ತೊಳೆದ ಮೇಲೆಯೇ ಬಿತ್ತನೆ. ಕಗ್ಗ ಉಪ್ಪನ್ನು ತಡೆದುಕೊಳ್ಳುತ್ತದೆ, ತೆಗೆಯುವುದಿಲ್ಲ. ಬೀಜ ಕಳಿಸಿ ಅಂತ ಮಾತ್ರ ಕೇಳಬೇಡಿ! ಎತ್ತರ ಬೆಳೆದು ಮಲಗುತ್ತದೆ, ಇಳುವರಿ ಕಡಿಮೆ. ನಿಮ್ಮ ಸೋನಾ ಮಸೂರಿ ನೋಡಿದ ಕಣ್ಣಿಗೆ ಹಿಡಿಸುವುದಿಲ್ಲ.

ಗಂಗಾವತಿಯಿಂದ:
ಆ ತಗ್ಗಿನಲ್ಲಿ ಭತ್ತವೇ ಯಾಕೆ? ನಮ್ಮ ಕಾಲುವೆಯ ನೀರು ಹೆಚ್ಚಾಗಿ ಹತ್ತಿ, ಜೋಳದಂಥ ಮಿತ ನೀರಿನ ಬೆಳೆಗೆ ಅಂತ ಲೆಕ್ಕ ಹಾಕಿದ್ದು. ಎಲ್ಲರೂ ಭತ್ತಕ್ಕೆ ನಿಂತೆವು. ಮೇಲಿನ ಹೊಲದಲ್ಲಿ ನಿಲ್ಲಿಸಿದ ನೀರು ಬಸಿದು ನಿಮ್ಮ ತಗ್ಗಿಗೇ ಬರುತ್ತದೆ. ಆ ಕಡೆಯ ಬದುವಿಗೆ ಕರಿಜಾಲಿ, ಹೊಂಗೆ ಸಾಲು ಹಾಕಿ, ಬಸಿನೀರು ಒಂದಿಷ್ಟು ಎಳೆಯುತ್ತವೆ. ತೀರಾ ಕೆಟ್ಟ ಜಾಗಕ್ಕೆ ಪ್ಯಾರಾ ಹುಲ್ಲು. ಎಮ್ಮೆಗೆ ಮೇವಾದರೂ ಆಗುತ್ತದೆ. ಬಳ್ಳಾರಿ ಜಾಲಿ ಬೇಡವೇ ಬೇಡ. ಸವಳಿನಲ್ಲಿ ಚೆನ್ನಾಗಿ ಬರುತ್ತದೆ, ನಿಜ. ಆಮೇಲೆ ಕೀಳಲು ಜೆಸಿಬಿ ತರಬೇಕು.

ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು-ಜವಳಿನ (ಉಪ್ಪು ಮತ್ತು ನೀರು ನಿಲ್ಲುವ ಸಮಸ್ಯೆ) ಮೇಲೆ ಬಹಳ ವರ್ಷದಿಂದ ಕೆಲಸ ನಡೆದಿದೆ. ನೆಲದೊಳಗೆ ತೂತಿನ ಪೈಪ್ ಹಾಕಿ ನೀರು ಬಸಿಯುವ ಪದ್ಧತಿಯ ಬಗ್ಗೆ ಅಲ್ಲಿ ಕೇಳಿ. ಖರ್ಚು ಜಾಸ್ತಿ, ಅಕ್ಕಪಕ್ಕದವರು ಸೇರಿ ಮಾಡಿದರೆ ಒಳ್ಳೆಯದು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಈ ವಾರವೇ ಮಣ್ಣು ಕೊಟ್ಟು ಬರುತ್ತೇನೆ. ಬಸಿಗಾಲುವೆ ಹಳ್ಳ ಸೇರಬೇಕಾದರೆ ಕೆಳಗಿನ ಮೂರು ಹೊಲ ದಾಟಬೇಕು. ಒಬ್ಬರು ಅದನ್ನು ಮುಚ್ಚಿ ಭತ್ತ ಹಾಕಿದ್ದಾರೆ. ಜಗಳ ಇಲ್ಲದೆ ಬಿಡಿಸಿಕೊಂಡವರು ಯಾರಾದರೂ ಇದ್ದರೆ ಅದನ್ನೂ ಹೇಳಿ.