‘ನಿರಾಶ್ರಿತ’ ಎಂದರೆ ಯಾರು? ಮೊರೆಹೋದವರೋ, ಮರೆಹೊಕ್ಕವರೋ?

ಬಳಗದ ಎಲ್ಲರಿಗೂ ರಾಯಚೂರಿನಿಂದ ನಮಸ್ಕಾರ.

ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುತ್ತಿರುವ ಅಂತಿಮ ವರ್ಷದ ವಿದ್ಯಾರ್ಥಿಗಳು ಬರುವ ಗುರುವಾರ ಜಾಗತಿಕ ವಲಸೆಯ ಮೇಲೆ ಚರ್ಚೆ ನಡೆಸಲಿದ್ದಾರೆ. ಅಣಕು ಸಂಸತ್ತಿನ ಹಾಗೆ ಅಣಕು ವಿಶ್ವಸಂಸ್ಥೆ. ಒಂದೊಂದು ಗುಂಪಿಗೆ ಒಂದೊಂದು ದೇಶ. ಮಾತೆಲ್ಲ ಕನ್ನಡದಲ್ಲೇ ಆಗಬೇಕು ಎಂದು ಹಟ ಹಿಡಿದವನು ನಾನೇ. ಬೇಕಾದ ಪದಗಳನ್ನು ಅರ್ಧ ಗಂಟೆಯಲ್ಲಿ ಹಲಗೆಯ ಮೇಲೆ ಬರೆದು ಮುಗಿಸುತ್ತೇನೆ ಎಂದುಕೊಂಡಿದ್ದೆ. ಮೂರು ಸಂಜೆ ಕಳೆದರೂ ಹಲಗೆಯ ಮೇಲೆ ಗೆರೆ ಹೊಡೆದ ಪದಗಳೇ ಹೆಚ್ಚಾಗಿವೆ. ಆದ್ದರಿಂದ ನಿಮ್ಮ ಬಾಗಿಲಿಗೆ ಬಂದಿದ್ದೇನೆ.

ಜಗಳ ಹುಟ್ಟಿದ್ದು ಒಂದು ಅಂಕಿಯಿಂದ. 2024ರ ಕೊನೆಗೆ ಜಗತ್ತಿನಲ್ಲಿ 12.3 ಕೋಟಿ ನಿರಾಶ್ರಿತರಿದ್ದರು ಎಂದು ಒಬ್ಬಳು ಓದಿದಳು. ಅಲ್ಲ, 4.27 ಕೋಟಿ ಎಂದು ಇನ್ನೊಬ್ಬ ಎದ್ದ. ಇಬ್ಬರ ಕೈಯಲ್ಲೂ ಇದ್ದದ್ದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಲೆಕ್ಕವೇ. ಇಬ್ಬರೂ ಸರಿಯಾಗಿಯೇ ಓದಿದ್ದರು, ತಪ್ಪಿದ್ದು ಕನ್ನಡ ಪದ. 12.3 ಕೋಟಿ ಎಂಬುದು ಯುದ್ಧ, ಹಿಂಸೆ, ಕಿರುಕುಳಗಳಿಂದ ನೆಲೆ ಬಿಟ್ಟವರೆಲ್ಲರ ಮೊತ್ತ. ಅವರಲ್ಲಿ ಸುಮಾರು 7.35 ಕೋಟಿ ಜನ ತಮ್ಮ ದೇಶದ ಗಡಿಯನ್ನೇ ದಾಟಿಲ್ಲ, ಊರು ಬಿಟ್ಟು ಅದೇ ದೇಶದ ಇನ್ನೊಂದು ಮೂಲೆಗೆ ಓಡಿದವರು. ಇನ್ನು 84 ಲಕ್ಷ ಜನ ಬೇರೆ ದೇಶದಲ್ಲಿ ಆಶ್ರಯ ಕೋರಿ ಅರ್ಜಿ ಹಾಕಿ ತೀರ್ಮಾನಕ್ಕಾಗಿ ಕಾಯುತ್ತಿರುವವರು. ಆ 4.27 ಕೋಟಿ ಗಡಿ ದಾಟಿ ಬೇರೆ ದೇಶದಲ್ಲಿ ನಿರಾಶ್ರಿತರೆಂದು ಲೆಕ್ಕಕ್ಕೆ ಬಂದವರದು. ಈ ಮೂವರಿಗೂ ನಮ್ಮ ಪತ್ರಿಕೆಗಳಲ್ಲಿ ಹೆಸರು ಒಂದೇ: ನಿರಾಶ್ರಿತರು. ಕಾನೂನಿನ ದೃಷ್ಟಿಯಲ್ಲಿ ಮೂವರ ಹಕ್ಕುಗಳೂ ಬೇರೆ ಬೇರೆ.

ಆ ಪದವನ್ನು ಒಡೆದು ನೋಡಿದರೆ ತೊಡಕು ಇನ್ನೂ ಹೆಚ್ಚು. ಆಶ್ರಿತ ಎಂದರೆ ಆಶ್ರಯ ಪಡೆದವನು. ಆಶ್ರಯ ಇಲ್ಲದವನನ್ನು ನಿರಾಶ್ರಯ ಎನ್ನಬೇಕಿತ್ತು. ನಿರಾಶ್ರಿತ ಎಂಬುದು ಬಳಕೆಯ ಬಲದಿಂದ ನಿಂತ ರೂಪ. ಇರಲಿ, ಬಳಕೆಯ ಮುಂದೆ ವ್ಯಾಕರಣದ ಆಟ ನಡೆಯುವುದಿಲ್ಲ. ಆದರೆ ಒಂದು ದೇಶ ಒಬ್ಬನನ್ನು ಪರೀಕ್ಷಿಸಿ, ಒಪ್ಪಿ, ಕಾಗದ ಕೊಟ್ಟು ಇರಿಸಿಕೊಂಡ ಮೇಲೂ ಅವನು ‘ಆಶ್ರಯ ಇಲ್ಲದವನು’ ಆಗುವುದು ಹೇಗೆ? ಆಶ್ರಯ ಸಿಕ್ಕ ಕಾರಣಕ್ಕೇ ಬಂದ ಹೆಸರಿನಲ್ಲಿ ಆಶ್ರಯವೇ ಇಲ್ಲ ಎಂದು ಸಾರುತ್ತಿದ್ದೇವೆ.

ಇದರ ಜೊತೆಗೆ ನಮ್ಮ ರಾಜ್ಯದ ಆಡಳಿತ ಈ ಪದವನ್ನು ಬೇರೆ ಕೆಲಸಕ್ಕೂ ಹಚ್ಚಿದೆ. ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇರಿಸುವ ಜಾಗಕ್ಕೆ ನಿರಾಶ್ರಿತರ ಪರಿಹಾರ ಕೇಂದ್ರ ಎಂಬ ಫಲಕವಿದೆ. ನನ್ನ ತರಗತಿಯ ಹುಡುಗನೊಬ್ಬ ಇನ್ನೂ ಸರಳವಾಗಿ ಅರ್ಥ ಮಾಡಿಕೊಂಡಿದ್ದ: ಸರ್, ಆಶ್ರಯ ಮನೆ ಮಂಜೂರಾಗದವರು. ನಗುವುದಕ್ಕೆ ಮನಸ್ಸಾಗಲಿಲ್ಲ. ಅವನ ಊರಿನಲ್ಲಿ ಆಶ್ರಯ ಕಾಲನಿ ಎಂದರೆ ಸರ್ಕಾರಿ ಮನೆಗಳ ಸಾಲು. 2009ರ ನೆರೆಯ ನಂತರ ಕಟ್ಟಿದ ಮನೆಗಳಿಗೆ ಇಟ್ಟ ಹೆಸರು ‘ಆಸರೆ’, ಅದೂ ಆಶ್ರಯದ ತದ್ಭವವೇ. ಹಾಗಿರುವಾಗ ಅರ್ಜಿ ಹಾಕಿ ಕಾಯುವವರಿಗೆ ‘ಆಶ್ರಯಾರ್ಥಿ’ ಎಂದು ನಾನು ಸೂಚಿಸಿದರೆ ಪಂಚಾಯಿತಿ ಕಟ್ಟೆಯ ಮೇಲೆ ಫಲಾನುಭವಿ ಪಟ್ಟಿ ನೋಡುತ್ತಾ ನಿಂತವರ ಚಿತ್ರವೇ ಅವರ ಕಣ್ಣಮುಂದೆ ಬರುತ್ತದೆ.

ನನ್ನ ಬಾಯಿ ಕಟ್ಟಿಸಿದವಳು ಸಿಂಧನೂರು ತಾಲ್ಲೂಕಿನ ವಿದ್ಯಾರ್ಥಿನಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಅಲ್ಲಿ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪುಗಳು ನಿಮಗೆ ಗೊತ್ತಿರಬಹುದು, ಆರ್.ಎಚ್. ಎಂದರೆ ಪುನರ್ವಸತಿ, ಊರವರ ಬಾಯಲ್ಲಿ ಬಂಗಾಲಿ ಕ್ಯಾಂಪ್. ಅವಳು ಅಲ್ಲಿಯವಳು. ‘ನನ್ನ ಅಜ್ಜನನ್ನು ನಿರಾಶ್ರಿತ ಎಂದು ಹೇಗೆ ಕರೆಯುತ್ತೀರಿ ಸರ್, ಅವರಿಗೆ ಸರ್ಕಾರ ಮನೆ ಕೊಟ್ಟಿತ್ತು, ಭೂಮಿ ಕೊಟ್ಟಿತ್ತು’ ಎಂದಳು. ನಮ್ಮ ಕಡೆ ‘ಕ್ಯಾಂಪ್’ ಎಂಬುದಕ್ಕೂ ವಿಚಿತ್ರ ಬಾಳು ಬಂದಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರು ಗಂಗಾವತಿ, ಸಿಂಧನೂರು, ಸಿರುಗುಪ್ಪ ಸೀಮೆಯಲ್ಲಿ ಕಟ್ಟಿಕೊಂಡ ಊರುಗಳ ಬಾಲಕ್ಕೂ ಕ್ಯಾಂಪ್ ಎಂದೇ ಇದೆ. ಭೂಮಿ ಕೊಂಡು ಭತ್ತ ಬೆಳೆಯಲು ಬಂದವರದೂ ಕ್ಯಾಂಪ್, ದೇಶ ಒಡೆದ ಮೇಲೆ ಓಡಿ ಬಂದವರದೂ ಕ್ಯಾಂಪ್. ಬಸ್ಸಿನ ಬೋರ್ಡಿಗೆ ಎರಡೂ ಒಂದೇ.

ಹಿಂದಿಯ ‘ಶರಣಾರ್ಥಿ’ಯನ್ನೇ ಏಕೆ ತರಬಾರದು ಎಂದು ಒಬ್ಬ ಕೇಳಿದ. ಕೇಳಿದವನು ಬೀದರ್ ಕಡೆಯವನು, ಶರಣರ ಸೀಮೆಯವನಿಗೆ ಇದು ಗೊತ್ತಿರಬೇಕಿತ್ತು. ಶರಣು ಶರಣಾರ್ಥಿ ಎಂದು ದಿನಕ್ಕೆ ಹತ್ತು ಬಾರಿ ಕೈಮುಗಿಯುವ ನಾಡಿನಲ್ಲಿ ಅದು ನಮಸ್ಕಾರ. ಗಡಿಯಲ್ಲಿ ನಿಂತ ಸಿರಿಯಾದವನನ್ನು ಶರಣಾರ್ಥಿ ಎಂದರೆ ನಮ್ಮ ಅಜ್ಜಿಯರು ಅವನಿಗೆ ಪ್ರತಿ ನಮಸ್ಕಾರ ಮಾಡುತ್ತಾರೆ.

ಇಲ್ಲಿಂದ ಮುಂದೆ ನನ್ನದೇ ಸೂಚನೆ. ನಿಮ್ಮ ಬಡಿಗೆ ಬೀಳಲಿ ಎಂದೇ ಮುಂದಿಡುತ್ತಿದ್ದೇನೆ.

ನಮ್ಮಲ್ಲಿ ‘ಮರೆಹೊಗು’ ಎಂಬ ಕ್ರಿಯಾಪದವಿದೆ. ಒಬ್ಬರ ಮರೆಗೆ, ರಕ್ಷಣೆಗೆ ಹೋಗಿ ಸೇರುವುದು. ಶಾಸನಗಳಲ್ಲಿ ಅರಸರನ್ನು ಶರಣಾಗತವಜ್ರಪಂಜರ ಎಂದು ಹೊಗಳುವಾಗ ಹೇಳುತ್ತಿದ್ದುದು ಇದನ್ನೇ: ಮರೆಹೊಕ್ಕವರಿಗೆ ವಜ್ರದ ಗೂಡು. ಇದರ ಪಕ್ಕದಲ್ಲಿ ‘ಮೊರೆಹೋಗು’ ಇದೆ, ಪತ್ರಿಕೆಗಳಲ್ಲಿ ದಿನವೂ ಸಿಗುತ್ತದೆ: ಹೈಕೋರ್ಟ್ ಮೊರೆಹೋದರು, ಟ್ಯಾಂಕರ್ ನೀರಿಗೆ ಮೊರೆಹೋದರು. ಮೊರೆ ಇಡುವುದು ಕೇಳಿಕೊಳ್ಳುವುದು. ಮರೆ ಹೊಗುವುದು ಒಳಗೆ ಸೇರಿಕೊಳ್ಳುವುದು. ಹಾಗಾದರೆ ಅರ್ಜಿ ಹಾಕಿ ಹೊಸ್ತಿಲಲ್ಲಿ ಕಾಯುತ್ತಿರುವವರು ಮೊರೆಹೋದವರು, ಅರ್ಜಿ ಒಪ್ಪಿತವಾಗಿ ಒಳಗಿರುವವರು ಮರೆಹೊಕ್ಕವರು ಎಂದರೆ ಹೇಗೆ? ಎರಡೂ ಕನ್ನಡದ್ದೇ, ಎರಡರಲ್ಲೂ ಮನುಷ್ಯ ಏನೋ ಮಾಡುತ್ತಾನೆ. ನಿರಾಶ್ರಿತ ಎಂಬುದರಲ್ಲಿ ಅವನು ಸುಮ್ಮನೆ ಇಲ್ಲದವನು.

ತೊಡಕು ನನಗೂ ಕಾಣುತ್ತದೆ. ಮೊದಲ ಬೆಂಚಿನ ಹುಡುಗಿ ಮರೆಹೊಕ್ಕವರು ಎಂಬುದನ್ನು ‘ಮರೆತುಹೋದವರು’ ಎಂದು ಓದಿದಳು. ಒಂದು ಅಕ್ಷರದ ಅಂತರದಲ್ಲಿ ಎರಡು ಕಾನೂನು ಸ್ಥಾನಗಳನ್ನು ಇಟ್ಟರೆ ಮುದ್ರಣದೋಷ ಒಬ್ಬನ ಹಣೆಬರಹ ಬದಲಿಸೀತು ಎಂದು ಸಹೋದ್ಯೋಗಿಯೊಬ್ಬರು ಚುಚ್ಚಿದರು.

ಆದರೂ ಈ ಪದ ನನ್ನನ್ನು ಬಿಡುತ್ತಿಲ್ಲ, ಕಾರಣ ಇದು ನಮ್ಮ ನೆಲದ ಕಥೆಯ ಪದ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆ ಎದ್ದು ಸೋತ ಅವನ ಸಂಬಂಧಿ ಬಹಾವುದ್ದೀನ್ ಗರ್ಷಾಸ್ಪ್ ಓಡಿ ಬಂದು ಮರೆಹೊಕ್ಕಿದ್ದು ಕಂಪಿಲಿಯ ಅರಸನನ್ನು. ಸುಲ್ತಾನನ ಸೈನ್ಯ ಬಂದಾಗ ಕಂಪಿಲರಾಯ ಅವನನ್ನು ಒಪ್ಪಿಸಲಿಲ್ಲ. ಹೊಯ್ಸಳರ ಕಡೆಗೆ ಕಳುಹಿಸಿಕೊಟ್ಟು ತಾನು ಕಾದಾಡಿ ಸತ್ತ. ಮೂರನೆಯ ಬಲ್ಲಾಳ ಗರ್ಷಾಸ್ಪನನ್ನು ಸುಲ್ತಾನನಿಗೆ ಒಪ್ಪಿಸಿದ. ಇಬ್ನ್ ಬತೂತ ಈ ಕಥೆಯನ್ನು ಬರೆದಿಟ್ಟಿದ್ದಾನೆ. ಕಂಪ್ಲಿ ಈಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು ಕೇಂದ್ರ, ಕಂಪಿಲರಾಯನ ಕೋಟೆ ಕುಮ್ಮಟದುರ್ಗ ಇರುವುದು ಗಂಗಾವತಿ ಸೀಮೆಯಲ್ಲಿ. ನಿರಾಶ್ರಿತರ ಸ್ಥಾನಮಾನ ಕುರಿತ 1951ರ ಜಿನೀವಾ ಒಪ್ಪಂದದ 33ನೆಯ ವಿಧಿಯನ್ನು, ಅಂದರೆ ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಕಡೆಗೆ ಯಾರನ್ನೂ ಮರಳಿ ದೂಡಬಾರದು ಎಂಬುದನ್ನು, ನಾನು ಎರಡು ಬಾರಿ ವಿವರಿಸಿದರೂ ತಲೆಗೆ ಹತ್ತದ ಮಕ್ಕಳಿಗೆ ಈ ಕಥೆ ಹೇಳಿದೊಡನೆ ಹತ್ತಿತು. ಕಂಪಿಲ ಪಾಲಿಸಿದ, ಬಲ್ಲಾಳ ಪಾಲಿಸಲಿಲ್ಲ. ದಂಗೆಕೋರನಿಗೆ ಆ ರಕ್ಷಣೆ ಸಲ್ಲುತ್ತದೆಯೇ ಎಂದು ಅವರೇ ಮುಂದಿನ ಪ್ರಶ್ನೆ ಎತ್ತಿದರು, ಅದು ಬೇರೆಯ ಗಂಟೆಯ ಪಾಠ. ಈ ನಿಯಮಕ್ಕೆ ‘ಹಿಂದಟ್ಟದ ನಿಯಮ’ ಎಂದು ತಾತ್ಕಾಲಿಕವಾಗಿ ಬರೆದುಕೊಂಡಿದ್ದೇವೆ. ‘ಗಡೀಪಾರು’ ಬೇಡ ಎಂದು ನಾನೇ ತಡೆದೆ. ನಮ್ಮಲ್ಲಿ ಅದು ಚುನಾವಣೆ ಹತ್ತಿರ ಬಂದಾಗ ರೌಡಿಗಳಿಗೆ ಜಿಲ್ಲೆಯಿಂದ ಹೊರಗಿರಲು ಹೇಳುವ ಆದೇಶ.

ಇನ್ನೊಂದು ಪದವೂ ಜಾಗ ತಪ್ಪಿ ಕೂತಿದೆ. ಸಂತ್ರಸ್ತ ಎಂದರೆ ಸಂಸ್ಕೃತದಲ್ಲಿ ಹೆದರಿದವನು. 1951ರ ಒಪ್ಪಂದದ ವ್ಯಾಖ್ಯೆ ನಿಂತಿರುವುದು ಹೆದರಿಕೆಯ ಮೇಲೆಯೇ: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ ಈ ಐದರಲ್ಲಿ ಒಂದರ ಕಾರಣಕ್ಕೆ ಕಿರುಕುಳ ಆದೀತೆಂಬ ಆಧಾರವುಳ್ಳ ಭಯ. ಹೆದರಿ ಬಂದವನು ನಮಗೆ ನಿರಾಶ್ರಿತನಾದ, ಮನೆ ಮುಳುಗಿದವನು ಸಂತ್ರಸ್ತನಾದ. ಅದಲುಬದಲು ಮಾಡಿದ್ದರೆ ಅರ್ಥಕ್ಕೆ ಎಷ್ಟೋ ಹತ್ತಿರವಾಗುತ್ತಿತ್ತು. ಈಗ ಕಾಲ ಮೀರಿದೆ. ಮುಳುಗಡೆ ಸಂತ್ರಸ್ತರು, ನೆರೆ ಸಂತ್ರಸ್ತರು ಎಂದು ಆಲಮಟ್ಟಿಯಿಂದ ತುಂಗಭದ್ರೆಯ ತನಕ ಕಡತಗಳಲ್ಲಿ ಕೂತುಬಿಟ್ಟಿದೆ. ದೇಶದೊಳಗೇ ನೆಲೆ ಕಳೆದುಕೊಂಡವರಿಗೆ ‘ಆಂತರಿಕ ಸ್ಥಳಾಂತರಿತರು’ ಎಂಬ ಅನುವಾದ ಓಡಾಡುತ್ತಿದೆ, ಕಚೇರಿ ಸ್ಥಳಾಂತರಗೊಂಡಿದೆ ಎಂಬ ಚೀಟಿ ಓದಿದ ಹಾಗಾಗುತ್ತದೆ. ನಮ್ಮ ಆಯ್ಕೆ ‘ನೆಲೆತಪ್ಪಿದವರು’.

ಈಗ ‘ವಲಸೆ’ಗೆ ಬರುತ್ತೇನೆ. ಎಲ್ಲವನ್ನೂ ಒಳಗೊಳ್ಳುವ ಕೊಡೆಯಂಥ ಪದ ಎಂದು ನಾವು ನೆಮ್ಮದಿಯಾಗಿದ್ದೆವು: 2024ರ ವಿಶ್ವಸಂಸ್ಥೆಯ ಅಂದಾಜಿನಂತೆ ಹುಟ್ಟಿದ ದೇಶ ಬಿಟ್ಟು ಬೇರೆಡೆ ಇರುವ 30.4 ಕೋಟಿ ಜನ, ಹಕ್ಕಿಗಳು, ಟಿಕೆಟ್ ಸಿಗದ ಶಾಸಕರು, ಎಲ್ಲರದೂ ವಲಸೆಯೇ. ಆದರೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಪ್ರಕಟಿಸಿದ ದಕ್ಷಿಣ ಭಾರತದ ಇತಿಹಾಸದಲ್ಲಿ ಈ ಪದವನ್ನು ವಿವರಿಸಿದ್ದಾನೆ. ಶತ್ರುಸೈನ್ಯ ಬರುತ್ತಿದೆ ಎಂದರೆ ಜನ ಸಾಮಾನು ಹೂತಿಟ್ಟು, ತಲೆಯ ಮೇಲೆ ಧಾನ್ಯ ಹೊತ್ತು, ಮಕ್ಕಳೂ ಕೈಲಾದಷ್ಟು ಹೊತ್ತು ಊರಿಗೆ ಊರೇ ಹೊರಡುತ್ತಿತ್ತು. ಹಾಗೆ ಹೊರಟ ಜನಸ್ತೋಮಕ್ಕೇ ಆ ಸೀಮೆಯ ವಲಸೆ ಎಂದು ಹೆಸರು. ಅಂದರೆ ಇನ್ನೂರು ವರ್ಷಗಳ ಹಿಂದೆ ವಲಸೆ ಎಂಬುದೇ ನಾವು ಇಂದು ಹುಡುಕುತ್ತಿರುವ ಪದವಾಗಿತ್ತು. ಬೆದರಿಕೆ ಸೋರಿಹೋಗಿ ಬರೀ ಚಲನೆ ಉಳಿದಿದೆ.

‘ಒಳವಲಸೆ’ಯ ಗೊಂದಲವನ್ನೂ ಹೇಳಿಬಿಡುತ್ತೇನೆ. ಭೂಗೋಳದ ಪಠ್ಯದಲ್ಲಿ ಅದು ಹೊರಗಿನಿಂದ ಒಳಬರುವುದು, ಹೊರವಲಸೆಗೆ ವಿರುದ್ಧ. ನನ್ನ ಅರ್ಧ ತರಗತಿಗೆ ಅದು ದೇಶದ ಒಳಗೇ ನಡೆಯುವ ವಲಸೆ. ಒಂದೇ ಚೀಟಿಯಲ್ಲಿ ಎರಡೂ ಅರ್ಥಗಳು ಬಂದಿದ್ದವು. ‘ಬರುವಲಸೆ’ ಎಂದು ಒಬ್ಬ ಕಟ್ಟಿದ. ಕಿವಿಗೆ ಒರಟಾದರೂ ತಪ್ಪು ದಾರಿಗೆ ಎಳೆಯುವುದಿಲ್ಲ.

ಗುಳೆಯನ್ನು ಬಿಟ್ಟು ರಾಯಚೂರಿನಲ್ಲಿ ಈ ಮಾತು ಮುಗಿಯುವುದಿಲ್ಲ. ದೇವದುರ್ಗ, ಲಿಂಗಸುಗೂರಿನ ಮಕ್ಕಳಿಗೆ ಅದು ಪಠ್ಯದ ಪದವಲ್ಲ: ಮನೆಗೆ ಬೀಗ ಹಾಕಿ, ಪಾತ್ರೆ ಪಡಗ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುವುದು, ಮೊಹರಂಗೆ ಮುದಗಲ್ಲಿಗೆ ಮರಳುವುದು. ಕೆನಡಾದ ಗುಂಪಿನವರು 1966ರಿಂದ ನಡೆದುಬಂದಿರುವ ಆ ದೇಶದ ಋತುಮಾನದ ಕೃಷಿ ಕಾರ್ಮಿಕರ ಯೋಜನೆಯನ್ನು ವಿವರಿಸಿದರು. ಮೊದಲು ಜಮೈಕಾದಿಂದ, 1974ರಿಂದ ಮೆಕ್ಸಿಕೊದಿಂದ ಕೂಲಿಗಳು ಬರುತ್ತಾರೆ, ಹೆಚ್ಚೆಂದರೆ ಎಂಟು ತಿಂಗಳು ದುಡಿದು ಹಿಂತಿರುಗಬೇಕು. ಹಿಂದಿನ ಬೆಂಚಿನಿಂದ ಮಾತು ಬಂತು: ‘ವಿಮಾನದಲ್ಲಿ ಹೋಗುವ ಗುಳೆ’. ನನಗೆ ಹಿಡಿಸಿತು, ಆದರೆ ಒಪ್ಪಲು ಹಿಂಜರಿಕೆ. ಗುಳೆ ಸಂಸಾರ ಸಮೇತ ಹೊರಡುವುದು, ಆ ಯೋಜನೆಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಗುಳೆಗೆ ಯಾರ ಪರವಾನಗಿಯೂ ಬೇಡ, ಅಲ್ಲಿ ಮಾಲೀಕನ ಹೆಸರು ಕೆಲಸದ ಪರವಾನಗಿಯ ಮೇಲೆಯೇ ಇರುತ್ತದೆ. ಇಷ್ಟು ವ್ಯತ್ಯಾಸವನ್ನು ಪದ ತಾಳಿಕೊಂಡೀತೇ?

ಕೊನೆಯದು, ಕಾಗದಪತ್ರವಿಲ್ಲದೆ ಇರುವವರು. ಪತ್ರಿಕೆಗಳ ಅಕ್ರಮ ವಲಸಿಗ, ನುಸುಳುಕೋರ ಎರಡನ್ನೂ ನಾನು ಕೈಬಿಡಿಸಿದ್ದೇನೆ. ವಿಶ್ವಸಂಸ್ಥೆಯ ಮಹಾಸಭೆ 1975ರಲ್ಲೇ ಇಂಥ ಕಾರ್ಮಿಕರಿಗೆ ದಾಖಲೆರಹಿತ ಎಂಬರ್ಥದ ಪದ ಬಳಸಿ ಎಂದು ಗೊತ್ತುವಳಿ ಮಾಡಿದೆ. ರೈತನ ಮಗನೊಬ್ಬ ಕೊಟ್ಟ ಪದ ಕೇಳಿ: ‘ಬಗರ್ ಹುಕುಂ ವಲಸಿಗರು’. ಹುಕುಂ ಇಲ್ಲದೆ ಸಾಗುವಳಿ ಮಾಡಿದವನನ್ನು ನಾವು ಕಳ್ಳ ಎನ್ನುವುದಿಲ್ಲ. ಅರ್ಜಿ ತುಂಬಿಸಿ ಸಕ್ರಮಕ್ಕೆ ಕಾಯಿಸುತ್ತೇವೆ. ವಲಸೆ ಕುರಿತ 2018ರ ಮರಕೇಶ್ ಒಡಂಬಡಿಕೆಯ ಹೆಸರಿನಲ್ಲಿರುವ ಸುರಕ್ಷಿತ, ವ್ಯವಸ್ಥಿತ, ಕ್ರಮಬದ್ಧ ಎಂಬ ಮೂರರಲ್ಲಿ ಕೊನೆಯದಕ್ಕೆ ‘ಸಕ್ರಮ’ವೇ ಸಾಕು ಎಂದೂ ಅವನು ಹೇಳಿದ. ಅಚ್ಚಿನಲ್ಲಿ ಇದು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಹಲಗೆಯಿಂದ ಅಳಿಸಿಲ್ಲ.

ಬಲ್ಲವರು ಎರಡು ವಿಷಯ ತಿಳಿಸಿದರೆ ಉಪಕಾರ. ಮರೆಹೊಗು, ಮೊರೆಹೋಗು ಇವು ಮೂಲದಲ್ಲೇ ಎರಡೋ, ಒಂದೇ ಪದ ಕಾಲಕ್ರಮದಲ್ಲಿ ಸೀಳಿದ್ದೋ? ನಿಮ್ಮ ಕಡೆ, ಅದರಲ್ಲೂ ಕೊಪ್ಪಳ, ಬಳ್ಳಾರಿಯ ಹಳ್ಳಿಗಳಲ್ಲಿ, ಮರೆಹೊಗು ಎಂದು ಹಿರಿಯರು ಆಡಿದ್ದನ್ನು ಯಾರಾದರೂ ಕಿವಿಯಾರೆ ಕೇಳಿದ್ದೀರಾ? ನಿಘಂಟಿನ ಉತ್ತರಕ್ಕಿಂತ ಇಂಥ ಸಾಕ್ಷಿ ನನಗೆ ಬೇಕು. ಬುಧವಾರ ಸಂಜೆ ಮಕ್ಕಳು ಕೊನೆಯ ಪಟ್ಟಿ ಬರೆದುಕೊಳ್ಳುತ್ತಾರೆ, ಅಷ್ಟರೊಳಗೆ ಬಂದ ಉತ್ತರಗಳನ್ನು ತರಗತಿಯಲ್ಲಿ ಓದಿ ಹೇಳುತ್ತೇನೆ.

ಮರೆತಿದ್ದೆ: ಸಿಂಧನೂರಿನ ಹುಡುಗಿ ಮನೆಯಲ್ಲಿ ವಿಚಾರಿಸಿಕೊಂಡು ಬಂದಳು. ಅವಳ ಅಜ್ಜಿ ತಮ್ಮನ್ನು ಕರೆದುಕೊಳ್ಳುವುದು ‘ಆ ಕಡೆಯಿಂದ ಬಂದವರು’ ಎಂದಂತೆ. ಅದನ್ನೂ ಪಟ್ಟಿಗೆ ಸೇರಿಸಿದ್ದೇನೆ.