ಅಡ್ವೈಸ್ ಹಾಕಿದ ಫಂಕ್ಷನ್‌ಗೆ ಇಮ್ಯಾಕ್ಸ್ ಸಹಾಯ ಇನ್ನಷ್ಟು ಹೇಳಬಾರದೇ?

ಪ್ರಶ್ನೆ: ಇಮ್ಯಾಕ್ಸ್ ಪಠ್ಯ ಸಂಪಾದಕದಲ್ಲಿ ಕಡತ ಉಳಿಸುವ ಸೇವ್-ಬಫರ್ ಫಂಕ್ಷನ್ ವಿಚಿತ್ರವಾಗಿ ವರ್ತಿಸುತ್ತಿದೆ. ಕಂಟ್ರೋಲ್-ಎಚ್, ಎಫ್ ಒತ್ತಿ ಸಹಾಯದ ಪುಟ ನೋಡಿದರೆ ಅರೌಂಡ್ ಅಡ್ವೈಸ್ (ಮೂಲ ಫಂಕ್ಷನನ್ನು ಸುತ್ತುವರಿದು ಅದರ ವರ್ತನೆ ಬದಲಿಸುವ ಹೊರಗಿನ ಕೋಡ್) ಇದೆಯೆಂದು ತೋರಿಸುತ್ತದೆ; ಹೆಸರಿನ ಜಾಗದಲ್ಲಿ ಮಾತ್ರ ಲ್ಯಾಂಬ್ಡಾದ (ಹೆಸರಿಲ್ಲದ ಫಂಕ್ಷನ್) ಗೋಜಲು. ಯಾವ ಕಡತ ಇದನ್ನು ಸೇರಿಸಿತೆಂದು ತಿಳಿಯುವುದು ಹೇಗೆ?

ಉತ್ತರ: ಹೆಸರಿಟ್ಟ ಫಂಕ್ಷನ್ ಆಗಿದ್ದರೆ ಆ ಹೆಸರೇ ಕೊಂಡಿ, ಎಂಟರ್ ಒತ್ತಿದರೆ ಅದರ ವಿವರಣೆ, ಅಲ್ಲಿಂದ ಮೂಲ ಕಡತ. ಲ್ಯಾಂಬ್ಡಾಗೆ ಆ ಭಾಗ್ಯವಿಲ್ಲ. ನಿಮ್ಮ ಸಂರಚನೆಯಲ್ಲೂ ಪ್ಯಾಕೇಜ್‌ಗಳ ಕಡತಕೋಶದಲ್ಲೂ ಅಡ್ವೈಸ್ ಸೇರಿಸುವ ಅಡ್ವೈಸ್-ಆಡ್ ಎಂಬ ಪದವನ್ನು ಹುಡುಕಿ.

ಮತ್ತೊಂದು ಉತ್ತರ: ಸ್ವಂತಕ್ಕೆ ಅಡ್ವೈಸ್ ಬರೆಯುವಾಗ ಡಿಫೈನ್-ಅಡ್ವೈಸ್ ಬಳಸಿ, ಇಮ್ಯಾಕ್ಸ್ 25.1ರಿಂದಲೇ ಇದೆ. ಬ್ಯಾಕಪ್ ಎಂದು ಹೆಸರು ಕೊಟ್ಟರೆ ಸೇವ್-ಬಫರ್@ಬ್ಯಾಕಪ್ ಎಂಬಂಥ ಪೂರ್ಣ ಹೆಸರು ತಾನಾಗಿಯೇ ಮೂಡುತ್ತದೆ.

ಪ್ರಶ್ನೆ ಕೇಳಿದವರು: ಸಿಕ್ಕಿತು, ಹಳೆಯ ಪ್ಯಾಕೇಜೊಂದರಲ್ಲಿ ಅಡಗಿತ್ತು. ಇಬ್ಬರಿಗೂ ಧನ್ಯವಾದ. ಆದರೂ ಸಹಾಯದ ಪುಟವೇ ಅಡ್ವೈಸ್‌ನ ಪಕ್ಕದಲ್ಲಿ ಕಡತದ ಹೆಸರನ್ನು ಕೊಡಬೇಕು, ಲ್ಯಾಂಬ್ಡಾ ಆದರೂ ಸರಿ. ದೋಷ ವರದಿ ಮಾಡುವ ರಿಪೋರ್ಟ್-ಇಮ್ಯಾಕ್ಸ್-ಬಗ್ ತೆರೆದು ಈ ಕೋರಿಕೆಯನ್ನು ಇಂದೇ ಬರೆಯುತ್ತೇನೆ.